ಸಣ್ಣ ಕಾರ್ಖಾನೆಗೆ ಸ್ವಂತ ಲಾಗಿನ್ ಸರ್ವರ್: ಕೀಕ್ಲೋಕ್ ಕೂರಿಸುವುದು ಹೇಗೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಯಾವುದಾದರೂ ಫೌಂಡ್ರಿ ಅಥವಾ ಮೆಷಿನ್ ಶಾಪ್ ತೆಗೆದುಕೊಳ್ಳಿ. ಡ್ರಾಯಿಂಗ್ ಇಡಲು ನೆಕ್ಸ್ಟ್‌ಕ್ಲೌಡ್, ಸ್ಟಾಕು-ಬಿಲ್ಲಿಗೆ ಇಆರ್‌ಪಿನೆಕ್ಸ್ಟ್, ರಜೆ-ಹಾಜರಿಗೆ ಇನ್ನೊಂದು ಸಾಫ್ಟ್‌ವೇರ್. ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಮೂರನ್ನೂ ಬರೆದ ಚೀಟಿ ಮಾನಿಟರ್ ಅಂಚಿಗೆ ಅಂಟಿರುತ್ತದೆ. "ಎಲ್ಲಾಕ್ಕೂ ಸೇರಿ ಒಂದ ಪಾಸ್‌ವರ್ಡ್ ಮಾಡಿಕೊಡ್ರಿ, ಸಾಕಾಗೇತಿ" ಅಂತ ಮಾಲೀಕರು ಕೇಳುತ್ತಾರೆ.

ಕೇಳಿದ್ದು ಸರಿಯೇ. ಆದರೆ ಈ ಕೆಲಸಕ್ಕೆ ಕೈ ಹಾಕಲು ಇನ್ನೂ ದೊಡ್ಡ ಕಾರಣವಿದೆ. ಡಿಸೈನ್ ವಿಭಾಗದ ಹುಡುಗ ಶನಿವಾರ ಕೆಲಸ ಬಿಟ್ಟು ಸೋಮವಾರ ಪಕ್ಕದ ಶೆಡ್ಡಿಗೆ ಸೇರಿದ ಅಂದುಕೊಳ್ಳಿ. ನಿಮ್ಮ ಗಿರಾಕಿಯ ಡ್ರಾಯಿಂಗ್ ಅವನ ಮೊಬೈಲ್‌ನಲ್ಲಿ ಇನ್ನೂ ತೆರೆಯುತ್ತದೆಯೋ ಇಲ್ಲವೋ? ಮೂರು ಕಡೆ ಖಾತೆ ಇದ್ದರೆ ಎರಡನ್ನು ಮುಚ್ಚಿ ಮೂರನೆಯದನ್ನು ಮರೆಯುವುದು ಮಾಮೂಲಿ. ಕೆಳಗಿನ ಪ್ರತಿ ಸೆಟ್ಟಿಂಗನ್ನೂ ಆ ಸೋಮವಾರವನ್ನು ಮುಂದಿಟ್ಟುಕೊಂಡೇ ಆರಿಸಿದ್ದೇನೆ.

ಯಾಕೆ ಕೀಕ್ಲೋಕ್

ಕೀಕ್ಲೋಕ್ ಅಂದರೆ ಹಲವು ಸಾಫ್ಟ್‌ವೇರ್‌ಗಳ ಲಾಗಿನ್ನನ್ನು ಒಂದೇ ಕಡೆ ನೋಡಿಕೊಳ್ಳುವ ಸರ್ವರ್, ರೆಡ್ ಹ್ಯಾಟ್‌ನವರು ಶುರು ಮಾಡಿದ ಮುಕ್ತ ತಂತ್ರಾಂಶ. ಮೊದಲ ಆವೃತ್ತಿ ಬಂದದ್ದು 2014ರಲ್ಲಿ. 2023ರಿಂದ ಅದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಲೈಸೆನ್ಸ್ ದುಡ್ಡಿಲ್ಲ, ಬಳಕೆದಾರರ ಲೆಕ್ಕದಲ್ಲಿ ಬಿಲ್ಲೂ ಇಲ್ಲ. ಸಾಫ್ಟ್‌ವೇರ್‌ಗಳು ಲಾಗಿನ್ ವಿಷಯ ಹಂಚಿಕೊಳ್ಳುವ ಭಾಷೆಗಳಾದ ಓಪನ್‌ಐಡಿ ಕನೆಕ್ಟ್, ಎಸ್‌ಎಎಂಎಲ್ ಎರಡನ್ನೂ ಮಾತಾಡುತ್ತದೆ. ಹಾಗಾಗಿ ಬ್ರೌಸರ್‌ನಲ್ಲಿ ತೆರೆಯುವ ಬಹುತೇಕ ಸಾಫ್ಟ್‌ವೇರ್‌ಗಳು ಇದಕ್ಕೆ ಹೊಂದುತ್ತವೆ.

ನಿಮಗೆ ಬೇಕಾದದ್ದು ಲಿನಕ್ಸ್ ಸರ್ವರ್‌ಗಳ ಲಾಗಿನ್ ಮಾತ್ರ ಆಗಿದ್ದರೆ ಫ್ರೀಐಪಿಎ ನೋಡಿ. ವಿಂಡೋಸ್ ಆಕ್ಟಿವ್ ಡೈರೆಕ್ಟರಿ (ಮೈಕ್ರೋಸಾಫ್ಟ್‌ನ ಬಳಕೆದಾರರ ಖಾತೆ ವ್ಯವಸ್ಥೆ) ಈಗಾಗಲೇ ಇದ್ದರೆ ಅದನ್ನು ಕಿತ್ತು ಹಾಕಬೇಡಿ. ಕೀಕ್ಲೋಕ್‌ನ ಯೂಸರ್ ಫೆಡರೇಶನ್ ಪುಟದಲ್ಲಿ ಅದನ್ನೇ ಜೋಡಿಸಬಹುದು.

ಮೊದಲು ಕಾಗದದ ಕೆಲಸ

ಇನ್‌ಸ್ಟಾಲ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ: ಯಾರ್ಯಾರು, ಯಾವ್ಯಾವ ಸಾಫ್ಟ್‌ವೇರ್, ಯಾರಿಗೆ ಯಾವುದು ಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಒಂದೇ: ಯೂಸರ್‌ನೇಮ್.

ನಮ್ಮ ಕಡೆ ಒಂದೇ ಶೆಡ್ಡಿನಲ್ಲಿ ಇಬ್ಬರು ಮೂವರು ಬಸವರಾಜ ಪಾಟೀಲರು ಇರುವುದು ಹೊಸದೇನಲ್ಲ. ಹೆಸರಿನಿಂದ ಯೂಸರ್‌ನೇಮ್ ಕಟ್ಟಿದರೆ ಕೊನೆಗೆ ಒಂದು, ಎರಡು ಅಂತ ಅಂಕಿ ಸೇರಿಸಬೇಕಾಗುತ್ತದೆ. ಯಾರು ಒಂದು, ಯಾರು ಎರಡು ಅಂತ ಅಕೌಂಟ್ಸ್‌ನವರಿಗೆ ಗೊತ್ತಾಗುವುದಿಲ್ಲ. ಮೊಬೈಲ್ ನಂಬರ್ ಬದಲಾಗುತ್ತದೆ. ಆಧಾರ್ ನಂಬರನ್ನಂತೂ ಬಳಸಲೇಬೇಡಿ, ಅದನ್ನು ಈ ಸರ್ವರ್‌ನಲ್ಲಿ ಎಲ್ಲೂ ಇಡುವ ಅಗತ್ಯವಿಲ್ಲ. ಹಾಜರಿ ಪುಸ್ತಕದ ಟೋಕನ್ ನಂಬರ್ ಎಲ್ಲಕ್ಕಿಂತ ಒಳ್ಳೆಯದು. ಅದು ಒಬ್ಬರಿಗೆ ಒಂದೇ, ಕೆಲಸಗಾರರಿಗೆ ಬಾಯಿಪಾಠ. ಕೆಲಸ ಬಿಟ್ಟವರ ಟೋಕನ್ನನ್ನು ಇನ್ನೊಬ್ಬರಿಗೆ ಕೊಡುವ ರೂಢಿ ನಿಮ್ಮಲ್ಲಿದ್ದರೆ ಮಾತ್ರ ಇವತ್ತೇ ನಿಲ್ಲಿಸಿ.

ಯಂತ್ರ, ವಿಳಾಸ, ಸರ್ಟಿಫಿಕೇಟ್

ನಲವತ್ತೈವತ್ತು ಜನರಿಗೆ ದೊಡ್ಡ ಸರ್ವರ್ ಬೇಕಿಲ್ಲ. 4 ಜಿಬಿ ರ‍್ಯಾಮ್ ಇರುವ ಸಣ್ಣ ಪಿಸಿ, ಅದರ ಮೇಲೆ ಡೆಬಿಯನ್ ಅಥವಾ ಉಬುಂಟು, ಒಂದು ಎಸ್‌ಎಸ್‌ಡಿ ಸಾಕು. ಯುಪಿಎಸ್ ಮಾತ್ರ ಬೇಕೇ ಬೇಕು.

ವಿಳಾಸವನ್ನು ಈಗಲೇ ಸರಿಯಾಗಿ ತೀರ್ಮಾನಿಸಿ, ಆಮೇಲೆ ಬದಲಾಯಿಸಿದರೆ ಎಲ್ಲಾ ಕಡೆ ಬದಲಾಯಿಸಬೇಕು. ಐಪಿ ನಂಬರ್‌ನಲ್ಲಿ ಓಡಿಸಬೇಡಿ. 'ಡಾಟ್ ಲೋಕಲ್' ಅಂತ ಹೆಸರಿಡುವುದೂ ಬೇಡ, ಅಂಥ ಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯವರು ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೊಡುವುದಿಲ್ಲ. ಕಂಪನಿಯ ವೆಬ್‌ಸೈಟಿಗೆ ಕೊಂಡ ಡೊಮೈನ್ ಇರುತ್ತದಲ್ವಾ, ಅದರ ಮುಂದೆ 'ಲಾಗಿನ್' ಸೇರಿಸಿ ಒಂದು ಉಪಹೆಸರು ಮಾಡಿ. ಕಾರ್ಖಾನೆಯ ರೂಟರ್‌ನ ಡಿಎನ್‌ಎಸ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಎಂದು ಹೇಳುವ ಪಟ್ಟಿ) ಆ ಹೆಸರನ್ನು ಒಳಗಿನ ಐಪಿಗೆ ತೋರಿಸಿ.

ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಗಳು ಎಷ್ಟೋ ಸಲ ಸ್ವಂತ ಪಬ್ಲಿಕ್ ಐಪಿ ಕೊಡುವುದಿಲ್ಲ. ಅದಕ್ಕೆ ಚಿಂತೆ ಬೇಡ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಡಿಎನ್‌ಎಸ್ ಚಾಲೆಂಜ್ ಎಂಬ ದಾರಿ ಇದೆ. ಡೊಮೈನ್‌ನ ಡಿಎನ್‌ಎಸ್‌ನಲ್ಲಿ ಒಂದು ಟೆಕ್ಸ್ಟ್ ರೆಕಾರ್ಡ್ ಹಾಕಿ ತೋರಿಸಿದರೆ ಸಾಕು, ನಿಮ್ಮ ಸರ್ವರ್ ಹೊರಗಿನ ಇಂಟರ್ನೆಟ್ಟಿಗೆ ಕಾಣಬೇಕಿಲ್ಲ. ಸಾಮಾನ್ಯವಾಗಿ ಸಿಗುವ ಸರ್ಟಿಫಿಕೇಟ್‌ಗೆ 90 ದಿನ ಆಯಸ್ಸು. ಅದನ್ನು ತಾನಾಗಿ ಹೊಸದು ಮಾಡುವ ಏರ್ಪಾಡು ಮೊದಲ ದಿನವೇ ಆಗಿರಲಿ.

ಇನ್‌ಸ್ಟಾಲ್

ಡಾಕರ್ ಕಂಪೋಸ್‌ನಲ್ಲಿ ಮೂರು ಕಂಟೇನರ್ (ತನಗೆ ಬೇಕಾದದ್ದೆಲ್ಲ ಒಳಗಿಟ್ಟುಕೊಂಡು ಓಡುವ ಸಾಫ್ಟ್‌ವೇರ್ ಡಬ್ಬಿ): ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಕೀಕ್ಲೋಕ್, ಮುಂದೆ ನಿಂತು ಹೊರಗಿನ ಕೋರಿಕೆಗಳನ್ನು ಒಳಗೆ ದಾಟಿಸುವ ಕ್ಯಾಡಿ ಅಥವಾ ಎನ್‌ಜಿನ್‌ಎಕ್ಸ್ ಪ್ರಾಕ್ಸಿ. ಕೀಕ್ಲೋಕ್ ಇಮೇಜ್ ಕ್ವೇ ರಿಜಿಸ್ಟ್ರಿಯಲ್ಲಿ ಸಿಗುತ್ತದೆ. 'ಲೇಟೆಸ್ಟ್' ಎಂಬ ಟ್ಯಾಗ್ ಹಾಕಬೇಡಿ, ಆವೃತ್ತಿಯ ನಂಬರನ್ನೇ ಬರೆಯಿರಿ. ನಾನು ಇಲ್ಲಿ ಹೇಳುವುದು 26ನೇ ಆವೃತ್ತಿಯ ಲೆಕ್ಕದಲ್ಲಿ.

ಕೀಕ್ಲೋಕ್ ಶುರು ಮಾಡಲು ಎರಡು ಬಗೆ ಇವೆ: 'ಸ್ಟಾರ್ಟ್' ಮತ್ತು 'ಸ್ಟಾರ್ಟ್-ಡೆವ್'. ಎರಡನೆಯದು ಸುಲಭ, ಏನೂ ಕೇಳದೆ ಏಳುತ್ತದೆ. ಆದರೆ ಅದು ಪ್ರಯೋಗಕ್ಕೆ ಮಾತ್ರ. ಬೇರೆ ಹೇಳದಿದ್ದರೆ ಎಚ್2 ಎಂಬ ಸಣ್ಣ ಡೇಟಾಬೇಸ್ ಫೈಲ್ ಬಳಸುತ್ತದೆ, ಎಚ್‌ಟಿಟಿಪಿಎಸ್ ಕಡ್ಡಾಯ ಮಾಡುವುದಿಲ್ಲ. ವಾಲ್ಯೂಮ್ (ಕಂಟೇನರ್ ಹೊರಗೆ ಡೇಟಾ ಉಳಿಸುವ ಜಾಗ) ಜೋಡಿಸದೆ ಆ ಕಂಟೇನರ್ ಅಳಿಸಿದರೆ ಬಳಕೆದಾರರೂ ಹೋದಂತೆಯೇ. 'ಸ್ಟಾರ್ಟ್' ಬಳಸಿ, ಈ ಸೆಟ್ಟಿಂಗ್‌ಗಳನ್ನು ಕೊಡಿ:

- ಡಿಬಿ: ಪೋಸ್ಟ್‌ಗ್ರೆಸ್. ಜೊತೆಗೆ ಅದರ ವಿಳಾಸ, ಯೂಸರ್, ಪಾಸ್‌ವರ್ಡ್.
- ಹೋಸ್ಟ್‌ನೇಮ್: ಮೇಲೆ ಮಾಡಿದ ಲಾಗಿನ್ ವಿಳಾಸ, ಎಚ್‌ಟಿಟಿಪಿಎಸ್ ಸಮೇತ ಪೂರ್ತಿ.
- ಎಚ್‌ಟಿಟಿಪಿ ಎನೇಬಲ್ಡ್: ಹೌದು. ಸರ್ಟಿಫಿಕೇಟ್ ಇರುವುದು ಪ್ರಾಕ್ಸಿಯ ಬಳಿ. ಒಳಗೆ ಪ್ರಾಕ್ಸಿ ಮತ್ತು ಕೀಕ್ಲೋಕ್ ನಡುವೆ 8080 ಪೋರ್ಟ್‌ನಲ್ಲಿ ಸಾದಾ ಎಚ್‌ಟಿಟಿಪಿ ಸಾಕು.
- ಪ್ರಾಕ್ಸಿ ಹೆಡರ್ಸ್: ಎಕ್ಸ್‌ಫಾರ್ವರ್ಡೆಡ್.
- ಬೂಟ್‌ಸ್ಟ್ರಾಪ್ ಅಡ್ಮಿನ್ ಹೆಸರು ಮತ್ತು ಪಾಸ್‌ವರ್ಡ್.

8080 ಪೋರ್ಟನ್ನು ಹೊರಗೆ ಬಿಡಬೇಡಿ, ಆರೋಗ್ಯ ತಪಾಸಣೆಯ 9000 ಪೋರ್ಟನ್ನೂ ಬಿಡಬೇಡಿ. ಹೊರಗಿನಿಂದ ಕಾಣಬೇಕಾದದ್ದು ಪ್ರಾಕ್ಸಿಯ 443 ಒಂದೇ.

ಎನ್‌ಜಿನ್‌ಎಕ್ಸ್ ಬಳಸುವವರು ಹೋಸ್ಟ್, ಪ್ರೋಟೋ, ಫಾರ್ ಎಂಬ ಮೂರೂ ಫಾರ್ವರ್ಡೆಡ್ ಹೆಡರ್‌ಗಳನ್ನು ಬರೆಯಬೇಕು. ಕ್ಯಾಡಿ ತಾನೇ ಹಾಕುತ್ತದೆ. ಇಲ್ಲಿ ಎಡವಟ್ಟಾದರೆ ಅಡ್ಮಿನ್ ಪುಟ ಬೆಳ್ಳಗೆ ಖಾಲಿ ಬರುವುದು, ಸುಮ್ನೆ ತಿರುಗುತ್ತಾ ಕೂರುವುದು ಶುರುವಾಗುತ್ತದೆ. ಹಳೆಯ ಲೇಖನಗಳಲ್ಲಿ ವಿಳಾಸದ ಕೊನೆಗೆ 'ಆಥ್' ಸೇರಿಸಿ ಅಂತ ಇರುತ್ತದೆ. 2022ರ 17ನೇ ಆವೃತ್ತಿಯಿಂದ ಅದು ಹೋಯಿತು. ಅಂಥ ಲೇಖನ ಕಂಡರೆ ಮುಂದೆ ಓದಬೇಡಿ, ಬಾಕಿ ವಿವರವೂ ಹಳೆಯದೇ ಇರುತ್ತದೆ.

ಒಳಗೆ ಹೋದ ಕೂಡಲೇ ಮೇಲೆ ಒಂದು ಎಚ್ಚರಿಕೆ ಪಟ್ಟಿ ಕಾಣುತ್ತದೆ: ನೀವು ತಾತ್ಕಾಲಿಕ ಅಡ್ಮಿನ್ ಅಂತ. ಮಾಸ್ಟರ್ ರಿಯಲ್ಮ್‌ನಲ್ಲಿ (ರಿಯಲ್ಮ್ ಅಂದರೆ ತನ್ನದೇ ಬಳಕೆದಾರರು, ಸೆಟ್ಟಿಂಗ್‌ಗಳಿರುವ ಪ್ರತ್ಯೇಕ ವಲಯ) ನಿಮ್ಮ ಹೆಸರಿನ ಖಾಯಂ ಖಾತೆ ಮಾಡಿ, ಅದಕ್ಕೆ ಅಡ್ಮಿನ್ ರೋಲ್ ಕೊಡಿ, ಅದರಲ್ಲಿ ಲಾಗಿನ್ ಆಗಿ ನೋಡಿ. ಆಮೇಲೆ ತಾತ್ಕಾಲಿಕವನ್ನು ಅಳಿಸಿ.

ರಿಯಲ್ಮ್ ಮತ್ತು ಬಳಕೆದಾರರು

ಮಾಸ್ಟರ್ ರಿಯಲ್ಮ್ ಇರುವುದು ಸರ್ವರ್ ನೋಡಿಕೊಳ್ಳಲು ಮಾತ್ರ. ಕೆಲಸಗಾರರನ್ನು ಅಲ್ಲಿ ಸೇರಿಸಬೇಡಿ. ಕಾರ್ಖಾನೆಯ ಹೆಸರಲ್ಲಿ ಹೊಸ ರಿಯಲ್ಮ್ ಮಾಡಿ. ಆ ಹೆಸರು ವಿಳಾಸದೊಳಗೆ ಬರುತ್ತದೆ, ಚಿಕ್ಕದಾಗಿ, ಖಾಲಿ ಜಾಗವಿಲ್ಲದೆ ಇರಲಿ.

ಈಗ ಒಂದು ತೊಡಕು ಬರುತ್ತದೆ. ನಮ್ಮ ಮೋಲ್ಡಿಂಗ್ ವಿಭಾಗದ ಹಿರಿಯರಿಗೆ ಇಮೇಲ್ ಎಲ್ಲಿಂದ ಬರಬೇಕು? ಇತ್ತೀಚಿನ ಕೀಕ್ಲೋಕ್‌ನಲ್ಲಿ ಬಳಕೆದಾರನಿಗೆ ಇಮೇಲ್, ಮೊದಲ ಹೆಸರು, ಕೊನೆಯ ಹೆಸರು ಮೂರೂ ಕಡ್ಡಾಯ. ಯಾವುದಾದರೂ ಖಾಲಿ ಇದ್ದರೆ ಲಾಗಿನ್ ಆದ ತಕ್ಷಣ "ನಿಮ್ಮ ವಿವರ ತುಂಬಿ" ಎಂಬ ಇಂಗ್ಲಿಷ್ ಪುಟ ಎದುರು ನಿಲ್ಲುತ್ತದೆ. ಪಾಳಿ ಶುರುವಾಗುವ ಹೊತ್ತಿಗೆ ಹತ್ತು ಜನ ಒಂದೇ ಪಿಸಿ ಮುಂದೆ ನಿಂತಾಗ ಇದು ಬೇಡವಾದ ರಗಳೆ. ರಿಯಲ್ಮ್ ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಪ್ರೊಫೈಲ್ ತೆರೆದು ಇಮೇಲ್‌ನ 'ರಿಕ್ವೈರ್ಡ್' ಗುಂಡಿ ಆಫ್ ಮಾಡಿ. ಸುಳ್ಳು ಇಮೇಲ್ ತುಂಬುವ ಅಡ್ಡದಾರಿ ಬೇಡ, ಪಾಸ್‌ವರ್ಡ್ ಮರೆತಾಗ ಲಿಂಕ್ ಯಾರ ಪೆಟ್ಟಿಗೆಗೋ ಹೋಗುತ್ತದೆ.

ಲಾಗಿನ್ ಪುಟದಲ್ಲಿ 'ಯೂಸರ್‌ನೇಮ್ ಆರ್ ಇಮೇಲ್' ಅಂತ ಇರುವ ಕಡೆ 'ಟೋಕನ್ ನಂಬರ್' ಅಂತ ಕನ್ನಡದಲ್ಲಿ ಬರುವಂತೆ ಮಾಡಬಹುದು. ಲೋಕಲೈಸೇಶನ್ ಪುಟದಲ್ಲಿ ಇಂಟರ್‌ನ್ಯಾಶನಲೈಸೇಶನ್ ಆನ್ ಮಾಡಿ, ರಿಯಲ್ಮ್ ಓವರ್‌ರೈಡ್ಸ್‌ನಲ್ಲಿ ಇಂಗ್ಲಿಷ್ ಆರಿಸಿ, ಆ ಸಾಲಿನ ಕೀ ಕೊಟ್ಟು ಕನ್ನಡ ಮಾತು ಬರೆಯಿರಿ. ಕೀಗಳ ಪಟ್ಟಿ ಮೂಲ ಥೀಮ್‌ನ ಮೆಸೇಜಸ್ ಫೈಲಿನಲ್ಲಿದೆ. ಇಡೀ ಥೀಮ್ ಬರೆಯುವ ಗೋಜಿಲ್ಲ. "ಪಾಸ್‌ವರ್ಡ್ ತಪ್ಪಾಗಿದೆ" ಎಂಬ ಒಂದು ಸಾಲು ಕನ್ನಡದಲ್ಲಿ ಬಂದರೆ ನಿಮಗೆ ಬರುವ ಫೋನ್ ಕರೆ ಅರ್ಧ ಕಡಿಮೆ.

ಗುಂಪುಗಳನ್ನು ವಿಭಾಗದ ಲೆಕ್ಕದಲ್ಲಿ ಮಾಡಿ: ಡಿಸೈನ್, ಸ್ಟೋರ್ಸ್, ಕ್ವಾಲಿಟಿ, ಅಕೌಂಟ್ಸ್. ಅನುಮತಿ ಕೊಡುವುದು ಗುಂಪಿಗೆ, ಒಬ್ಬೊಬ್ಬರಿಗೆ ಅಲ್ಲ.

ಪಾಸ್‌ವರ್ಡ್ ಪಾಲಿಸಿಯಲ್ಲಿ ಉದ್ದ ಹಾಕಿ, ಯೂಸರ್‌ನೇಮ್ ಪಾಸ್‌ವರ್ಡ್ ಆಗಬಾರದು ಎಂಬುದನ್ನು ಹಾಕಿ. ತಿಂಗಳಿಗೊಮ್ಮೆ ಬದಲಾಯಿಸಿ ಎಂಬ ನಿಯಮ ಬೇಡ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ಮಾರ್ಗಸೂಚಿಯೇ ಅದನ್ನು ಕೈಬಿಡಿ ಅನ್ನುತ್ತದೆ. ಬದಲಾಯಿಸಿದಷ್ಟೂ ಚೀಟಿ ಜಾಸ್ತಿ, ಅಷ್ಟೇ. ಸೆಕ್ಯೂರಿಟಿ ಡಿಫೆನ್ಸಸ್‌ನಲ್ಲಿ ಬ್ರೂಟ್ ಫೋರ್ಸ್ ಡಿಟೆಕ್ಷನ್ (ಪಾಸ್‌ವರ್ಡ್ ಮತ್ತೆ ಮತ್ತೆ ಊಹಿಸಿ ಒತ್ತುವವರನ್ನು ತಡೆಯುವುದು) ಆರಿರುತ್ತದೆ, ಅದನ್ನು ಹೊತ್ತಿಸಿ. ತಾತ್ಕಾಲಿಕ ಲಾಕ್ ಆರಿಸಿ. ಖಾಯಂ ಲಾಕ್ ಇಟ್ಟರೆ ಯಾರೋ ತುಂಟಾಟಕ್ಕೆ ಮ್ಯಾನೇಜರ್ ಟೋಕನ್ ನಂಬರ್ ಒತ್ತಿ ಒತ್ತಿ ಅವರನ್ನೇ ಹೊರಗೆ ಹಾಕಬಹುದು.

ನೆಕ್ಸ್ಟ್‌ಕ್ಲೌಡ್ ಜೋಡಿಸುವುದು

ಕೀಕ್ಲೋಕ್‌ನ ಲಾಗಿನ್ ಬಳಸುವ ಪ್ರತಿ ಸಾಫ್ಟ್‌ವೇರ್‌ಗೂ ಅದರಲ್ಲಿ ಒಂದು 'ಕ್ಲೈಂಟ್' ಇರಬೇಕು. ಕ್ಲೈಂಟ್ಸ್ ಪುಟಕ್ಕೆ ಹೋಗಿ ಹೊಸದನ್ನು ಮಾಡಿ. ಬಗೆ ಓಪನ್‌ಐಡಿ ಕನೆಕ್ಟ್. ಕ್ಲೈಂಟ್ ಅಥೆಂಟಿಕೇಶನ್ ಆನ್, ಸ್ಟ್ಯಾಂಡರ್ಡ್ ಫ್ಲೋ ಆನ್, ಡೈರೆಕ್ಟ್ ಆಕ್ಸೆಸ್ ಗ್ರಾಂಟ್ಸ್ ಆಫ್. ಮುಂದೆ ವ್ಯಾಲಿಡ್ ರಿಡೈರೆಕ್ಟ್ ಯುಆರ್‌ಐ ಕೇಳುತ್ತದೆ. ಲಾಗಿನ್ ಆದ ಮೇಲೆ ಬಳಕೆದಾರನನ್ನು ಎಲ್ಲಿಗೆ ಕಳಿಸಬಹುದು ಎಂಬ ವಿಳಾಸ ಅದು. ಪೂರ್ತಿ, ಅಕ್ಷರ ತಪ್ಪದೆ ಬರೆಯಿರಿ. "ಇನ್‌ವ್ಯಾಲಿಡ್ ಪ್ಯಾರಾಮೀಟರ್: ರಿಡೈರೆಕ್ಟ್ ಯುಆರ್‌ಐ" ಎಂಬ ದೋಷ ಬಂದರೆ ಇಲ್ಲೇ ನೋಡಬೇಕು. ಕೊನೆಯ ಓರೆಗೆರೆ, ಎಚ್‌ಟಿಟಿಪಿಗೂ ಎಚ್‌ಟಿಟಿಪಿಎಸ್‌ಗೂ ಇರುವ ಒಂದಕ್ಷರದ ವ್ಯತ್ಯಾಸ, ಇಷ್ಟೇ ಇರುತ್ತದೆ. ತಲೆಬಿಸಿ ಯಾಕೆ ಅಂತ ಬರೀ ನಕ್ಷತ್ರ ಚಿಹ್ನೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಲಾಗಿನ್ ಕೋಡನ್ನು ಯಾರ ವಿಳಾಸಕ್ಕೆ ಬೇಕಾದರೂ ತಿರುಗಿಸಬಹುದು.

ಕ್ರೆಡೆನ್ಶಿಯಲ್ಸ್ ಟ್ಯಾಬ್‌ನಿಂದ ಕ್ಲೈಂಟ್ ಸೀಕ್ರೆಟ್ ಕಾಪಿ ಮಾಡಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಓಪನ್‌ಐಡಿ ಕನೆಕ್ಟ್ ಯೂಸರ್ ಬ್ಯಾಕೆಂಡ್ ಆ್ಯಪ್ ಹಾಕಿ, ಕ್ಲೈಂಟ್ ಐಡಿ, ಸೀಕ್ರೆಟ್, ಡಿಸ್ಕವರಿ ವಿಳಾಸ ತುಂಬಿ. ಡಿಸ್ಕವರಿ ವಿಳಾಸ ಕೀಕ್ಲೋಕ್‌ನ ರಿಯಲ್ಮ್ ಸೆಟ್ಟಿಂಗ್ಸ್ ಪುಟದ ಕೆಳಗೆ 'ಓಪನ್‌ಐಡಿ ಎಂಡ್‌ಪಾಯಿಂಟ್ ಕಾನ್ಫಿಗರೇಶನ್' ಎಂಬ ಲಿಂಕಿನಲ್ಲಿ ಇದೆ.

ಇಲ್ಲಿ ಮೂರು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು, ಎರಡೂ ಸರ್ವರ್ ಒಂದೇ ಲ್ಯಾನ್‌ನಲ್ಲಿದ್ದಾಗ ಡಿಸ್ಕವರಿ ವಿಳಾಸ ಸಿಗುತ್ತಿಲ್ಲ ಅನ್ನುತ್ತದೆ. ಒಳಗಿನ ಐಪಿಗಳನ್ನು ತಲುಪದಂತೆ ನೆಕ್ಸ್ಟ್‌ಕ್ಲೌಡ್ ತಾನೇ ತಡೆದುಕೊಂಡಿರುತ್ತದೆ. ಅದರ ಕಾನ್ಫಿಗ್ ಫೈಲಿನಲ್ಲಿ 'ಅಲೋ ಲೋಕಲ್ ರಿಮೋಟ್ ಸರ್ವರ್ಸ್' ಎಂಬುದನ್ನು ಟ್ರೂ ಮಾಡಬೇಕು. ಎರಡು, ಲಾಗಿನ್ ಆಗುತ್ತದೆ, ಆದರೆ ಫೈಲೇ ಇಲ್ಲ. 'ಯೂಸ್ ಯೂನಿಕ್ ಯೂಸರ್ ಐಡಿ' ಎಂಬ ಗುರುತು ಹಾಗೇ ಬಿಟ್ಟರೆ ಉದ್ದನೆಯ ಅರ್ಥವಾಗದ ಐಡಿಯಲ್ಲಿ ಹೊಸ ಖಾತೆ ಹುಟ್ಟುತ್ತದೆ. ಆ ಗುರುತು ತೆಗೆದು, ಯೂಸರ್ ಐಡಿ ಮ್ಯಾಪಿಂಗ್‌ನಲ್ಲಿ 'ಪ್ರಿಫರ್ಡ್ ಯೂಸರ್‌ನೇಮ್' ಕೊಟ್ಟರೆ ಟೋಕನ್ ನಂಬರೇ ಐಡಿ ಆಗುತ್ತದೆ. ಎಲ್ಲರನ್ನೂ ಒಳಗೆ ಬಿಡುವ ಮೊದಲು ಒಂದು ಪ್ರಯೋಗದ ಖಾತೆಯಲ್ಲಿ ಇದನ್ನು ನೋಡಿಕೊಳ್ಳಿ. ಮೂರು, ಗುಂಪುಗಳು. ಯಾರು ಯಾವ ಗುಂಪಿನಲ್ಲಿದ್ದಾರೆ ಅಂತ ನೆಕ್ಸ್ಟ್‌ಕ್ಲೌಡ್‌ಗೆ ತಿಳಿಸಲು ಕೀಕ್ಲೋಕ್‌ನ ಕ್ಲೈಂಟ್‌ಗೆ ಗ್ರೂಪ್ ಮೆಂಬರ್‌ಶಿಪ್ ಮ್ಯಾಪರ್ ಸೇರಿಸಿ, ಕ್ಲೇಮ್ ಹೆಸರು 'ಗ್ರೂಪ್ಸ್' ಅಂತ ಕೊಡಿ, 'ಫುಲ್ ಗ್ರೂಪ್ ಪಾತ್' ಆಫ್ ಮಾಡಿ. ಆಫ್ ಮಾಡದಿದ್ದರೆ ಡಿಸೈನ್ ಎಂಬ ಗುಂಪು ಮುಂದೆ ಓರೆಗೆರೆ ಹಚ್ಚಿಕೊಂಡು ಬರುತ್ತದೆ, ನೆಕ್ಸ್ಟ್‌ಕ್ಲೌಡ್‌ನ ಡಿಸೈನ್ ಗುಂಪಿಗೆ ಅದು ಹೊಂದುವುದಿಲ್ಲ.

ಇಆರ್‌ಪಿನೆಕ್ಸ್ಟ್ ಕಡೆ 'ಸೋಶಿಯಲ್ ಲಾಗಿನ್ ಕೀ' ಎಂಬ ಪುಟದಲ್ಲಿ ಕೀಕ್ಲೋಕ್ ಆಯ್ಕೆಯೇ ಇದೆ. ಅದಕ್ಕೆ ಬೇರೆಯೇ ಕ್ಲೈಂಟ್ ಮಾಡಿ, ಒಂದೇ ಸೀಕ್ರೆಟ್ಟನ್ನು ಎರಡು ಕಡೆ ಕೊಡಬೇಡಿ. ಇಆರ್‌ಪಿನೆಕ್ಸ್ಟ್ ಜನರನ್ನು ಗುರುತಿಸುವುದು ಇಮೇಲ್‌ನಿಂದ, ಹಾಗಾಗಿ ಅದನ್ನು ಬಳಸುವ ಆಫೀಸಿನವರಿಗೆ ಎರಡೂ ಕಡೆ ಒಂದೇ ಇಮೇಲ್ ಇರಬೇಕು.

ಪಾಳಿಯ ಪಿಸಿ ಮತ್ತು ಓಟಿಪಿ

ಶಾಪ್ ಫ್ಲೋರ್‌ನಲ್ಲಿ ಪಿಸಿ ಒಂದು, ಪಾಳಿ ಮೂರು. ಮೊದಲ ಪಾಳಿಯವರು ಬ್ರೌಸರ್ ಹಾಗೇ ಬಿಟ್ಟು ಚಹಾಕ್ಕೆ ಹೋದರೆ ಎರಡನೇ ಪಾಳಿಯವರು ಅವರ ಹೆಸರಲ್ಲೇ ಎಂಟ್ರಿ ಹಾಕುತ್ತಾರೆ. ಕೀಕ್ಲೋಕ್‌ನಲ್ಲಿ ಸೆಷನ್ (ಒಮ್ಮೆ ಲಾಗಿನ್ ಆದ ಮೇಲೆ ಒಳಗಿರುವ ಅವಧಿ) ಸುಮ್ಮನಿದ್ದರೆ 30 ನಿಮಿಷ, ಹೆಚ್ಚೆಂದರೆ 10 ಗಂಟೆ ಅಂತ ಇರುತ್ತದೆ. ಪಾಳಿ 8 ಗಂಟೆಯದು, ಹಾಗಾಗಿ 10ನ್ನು 8ಕ್ಕೆ ಇಳಿಸಿ. 'ರಿಮೆಂಬರ್ ಮಿ' ಆರಿರಲಿ. ಆ ಪಿಸಿಯ ಬ್ರೌಸರ್ ಮುಚ್ಚಿದ ಕೂಡಲೇ ಕುಕೀ ಅಳಿಯುವಂತೆಯೂ ಮಾಡಿ.

ಓಟಿಪಿ ಎಲ್ಲರಿಗೂ ಬೇಡ. ಫರ್ನೇಸ್ ಹತ್ತಿರ ಮೊಬೈಲ್ ತರಬೇಡಿ ಅಂತ ಬೋರ್ಡ್ ಹಾಕಿ, ಲಾಗಿನ್‌ಗೆ ಮೊಬೈಲ್ ತೆಗೆಯಿರಿ ಅಂದರೆ ಹೇಗೆ? ಅಡ್ಮಿನ್, ಅಕೌಂಟ್ಸ್, ಡಿಸೈನ್ ಮಂದಿಗೆ ಮಾತ್ರ 'ಕಾನ್ಫಿಗರ್ ಓಟಿಪಿ' ಎಂಬ ರಿಕ್ವೈರ್ಡ್ ಆ್ಯಕ್ಷನ್ ಹಚ್ಚಿ. ಓಟಿಪಿ ಹೊಂದಿಸಿಕೊಂಡವರನ್ನು ಮಾತ್ರ ಅದು ಕೇಳುತ್ತದೆ, ಉಳಿದವರನ್ನು ಬಿಡುತ್ತದೆ. ಆರಂಕಿಯ ಓಟಿಪಿ ತೋರಿಸುವ ಮೊಬೈಲ್ ಆ್ಯಪ್ ಗೂಗಲ್ ಅಥೆಂಟಿಕೇಟರ್, ಫ್ರೀಓಟಿಪಿ ಯಾವುದಾದರೂ ಆದೀತು.

ಆದರೆ ಗಡಿಯಾರ ನೋಡಿಕೊಳ್ಳಿ. ಈ ಆರಂಕಿ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಲ್ಲಿ ಬದಲಾಗುತ್ತದೆ. ಮಳೆಗಾಲದ ಮುಂಚಿನ ಗುಡುಗಿನಲ್ಲಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮದರ್‌ಬೋರ್ಡಿನ ನಾಣ್ಯದ ಸೆಲ್ ಸತ್ತಿದ್ದರೆ ಪಿಸಿ ಯಾವುದೋ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಸರಿಯಾದ ಓಟಿಪಿ ಕೂಡ ತಪ್ಪು ಅನ್ನಿಸಿಕೊಳ್ಳುತ್ತದೆ. ಕ್ರೋನಿ ಹಾಕಿ ಸಮಯ ಸರಿಪಡಿಸುತ್ತಿರಲಿ, ಸೆಲ್ ಹೊಸದು ಹಾಕಿ.

ಒಬ್ಬರು ಕೆಲಸ ಬಿಟ್ಟ ದಿನ

ಯೂಸರ್ಸ್ ಪುಟದಲ್ಲಿ ಆ ಟೋಕನ್ ನಂಬರಿನ ಖಾತೆ ತೆರೆದು 'ಎನೇಬಲ್ಡ್' ಗುಂಡಿ ಆಫ್ ಮಾಡಿ. ಅಳಿಸಬೇಡಿ, ಹಳೆಯ ದಾಖಲೆ ಯಾರದು ಅಂತ ಆಮೇಲೆ ಬೇಕಾಗುತ್ತದೆ. ಹೊಸ ಲಾಗಿನ್ ಅಲ್ಲಿಗೆ ನಿಂತಿತು.

ಇಷ್ಟಕ್ಕೇ ಕೈ ತೊಳೆದುಕೊಳ್ಳುವಂತಿಲ್ಲ. ಕೀಕ್ಲೋಕ್ ಕೊಟ್ಟ ಆಕ್ಸೆಸ್ ಟೋಕನ್ (ಹಾಜರಿಯ ಟೋಕನ್ ಅಲ್ಲ, ಲಾಗಿನ್ ಆದವರಿಗೆ ಸಿಗುವ ಡಿಜಿಟಲ್ ಪಾಸ್) ಮಾಮೂಲಿಯಾಗಿ 5 ನಿಮಿಷ ಬದುಕಿರುತ್ತದೆ, ಅದು ಸಣ್ಣ ವಿಷಯ. ದೊಡ್ಡದು ಏನೆಂದರೆ, ನೆಕ್ಸ್ಟ್‌ಕ್ಲೌಡ್ ಒಮ್ಮೆ ಒಳಗೆ ಬಿಟ್ಟ ಮೇಲೆ ತನ್ನದೇ ಸೆಷನ್ ನಡೆಸುತ್ತದೆ, ಪ್ರತಿ ಸಲ ಕೀಕ್ಲೋಕ್‌ನ್ನು ಕೇಳುವುದಿಲ್ಲ. ಮೊಬೈಲ್ ಆ್ಯಪ್‌ಗೂ ಡೆಸ್ಕ್‌ಟಾಪ್ ಸಿಂಕ್‌ಗೂ ಅದು ಬೇರೆ ಆ್ಯಪ್ ಪಾಸ್‌ವರ್ಡ್ ಕೊಟ್ಟಿರುತ್ತದೆ. ಅದಕ್ಕೂ ಕೀಕ್ಲೋಕ್‌ಗೂ ಸಂಬಂಧವಿಲ್ಲ. ಬ್ರೌಸರ್ ಮುಚ್ಚಿತು ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ, ಅವನ ಲ್ಯಾಪ್‌ಟಾಪ್‌ಗೆ ಹೊಸ ಡ್ರಾಯಿಂಗ್ ಇಳಿಯುತ್ತಲೇ ಇರುತ್ತದೆ.

ಅದಕ್ಕೆ ಆ ದಿನದ ಕ್ರಮ ಹೀಗಿರಲಿ:

1. ಕೀಕ್ಲೋಕ್‌ನಲ್ಲಿ ಖಾತೆಯ 'ಎನೇಬಲ್ಡ್' ಗುಂಡಿ ಆಫ್ ಮಾಡಿ.
2. ಅದೇ ಬಳಕೆದಾರನ ಸೆಷನ್ಸ್ ಟ್ಯಾಬ್‌ನಲ್ಲಿ ಎಲ್ಲಾ ಸೆಷನ್‌ನಿಂದ ಲಾಗ್‌ಔಟ್ ಮಾಡಿ. ಕ್ಲೈಂಟ್‌ನಲ್ಲಿ ಬ್ಯಾಕ್‌ಚಾನೆಲ್ ಲಾಗ್‌ಔಟ್ ವಿಳಾಸ ಮೊದಲೇ ತುಂಬಿದ್ದರೆ ಆ ಸುದ್ದಿ ಆ್ಯಪ್‌ಗೂ ಹೋಗುತ್ತದೆ.
3. ನೆಕ್ಸ್ಟ್‌ಕ್ಲೌಡ್‌ನಲ್ಲೂ ಆ ಖಾತೆಯನ್ನು ಡಿಸೇಬಲ್ ಮಾಡಿ. ಆ್ಯಪ್ ಪಾಸ್‌ವರ್ಡ್‌ಗಳು ಇದರಿಂದ ಸಾಯುತ್ತವೆ.
4. ಅವನು ಹಂಚಿದ ಪಬ್ಲಿಕ್ ಲಿಂಕ್‌ಗಳನ್ನು ನೋಡಿ. ಅವಕ್ಕೆ ಲಾಗಿನ್ನೇ ಬೇಕಿಲ್ಲ.

ಪ್ರಯೋಗದ ಖಾತೆಯೊಂದರ ಮೇಲೆ ಇದನ್ನು ಮೊದಲೇ ಮಾಡಿ ನೋಡಿ, ನಿಮ್ಮ ಮೊಬೈಲ್‌ನಲ್ಲಿ ಆ್ಯಪ್ ತೆರೆದಿಟ್ಟುಕೊಂಡೇ. ಮೂರನೇ ಹೆಜ್ಜೆ ಯಾಕೆ ಅಂತ ಆಗ ಕಣ್ಣಿಗೇ ಕಾಣುತ್ತದೆ. ಜೊತೆಗೆ ಈವೆಂಟ್ಸ್ ಸೆಟ್ಟಿಂಗ್‌ನಲ್ಲಿ ಯೂಸರ್ ಈವೆಂಟ್ಸ್ ಉಳಿಸುವುದನ್ನು ಆನ್ ಮಾಡಿ, ಅದು ಆರಿರುತ್ತದೆ. ಯಾರು ಯಾವಾಗ ಬಂದರು ಎಂಬ ಪ್ರಶ್ನೆ ಎದ್ದಾಗ ಉತ್ತರ ಅಲ್ಲಿ ಮಾತ್ರ ಸಿಗುತ್ತದೆ.

ಬ್ಯಾಕಪ್, ಹಿತ್ತಲ ಬಾಗಿಲು, ಅಪ್‌ಗ್ರೇಡ್

ಎಲ್ಲರ ಲಾಗಿನ್ ಒಂದೇ ಕಡೆ ತಂದ ಮೇಲೆ, ಈ ಸರ್ವರ್ ಮಲಗಿದರೆ ಯಾರೂ ಹೊಸದಾಗಿ ಒಳಗೆ ಬರುವಂತಿಲ್ಲ. ಆದ್ದರಿಂದ ಪ್ರತಿ ಸಾಫ್ಟ್‌ವೇರ್‌ನಲ್ಲೂ ಕೀಕ್ಲೋಕ್‌ಗೆ ಸಂಬಂಧವಿಲ್ಲದ ಒಂದು ಲೋಕಲ್ ಅಡ್ಮಿನ್ ಖಾತೆ ಇರಲಿ. ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ಮಾಲೀಕರ ತಿಜೋರಿಗೆ. ನೆಕ್ಸ್ಟ್‌ಕ್ಲೌಡ್ ನೇರವಾಗಿ ಕೀಕ್ಲೋಕ್‌ಗೆ ಕಳಿಸುವಂತೆ ಮಾಡಿದ್ದರೂ, ಲಾಗಿನ್ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ, 'ಡೈರೆಕ್ಟ್', ಸಮ ಚಿಹ್ನೆ, 1 ಸೇರಿಸಿದರೆ ಹಳೆಯ ಲಾಗಿನ್ ಪುಟ ಬರುತ್ತದೆ. ಆ ವಿಳಾಸವನ್ನೂ ಲಕೋಟೆಯಲ್ಲಿ ಬರೆದಿಡಿ.

ಬ್ಯಾಕಪ್ ಅಂದರೆ ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು), ದಿನಕ್ಕೊಮ್ಮೆ, ಬೇರೆ ಡಿಸ್ಕಿಗೆ. ಅಡ್ಮಿನ್ ಪುಟದಲ್ಲಿರುವ ಪಾರ್ಶಿಯಲ್ ಎಕ್ಸ್‌ಪೋರ್ಟ್ ಬ್ಯಾಕಪ್ ಅಲ್ಲ. ಅದರಲ್ಲಿ ಬಳಕೆದಾರರೂ ಇರುವುದಿಲ್ಲ, ಸೀಕ್ರೆಟ್‌ಗಳ ಜಾಗದಲ್ಲಿ ನಕ್ಷತ್ರಗಳಿರುತ್ತವೆ. ಅಡ್ಮಿನ್ ಪಾಸ್‌ವರ್ಡೇ ಕಳೆದುಹೋದರೆ ಹೆದರಬೇಡಿ. 26ನೇ ಆವೃತ್ತಿಯಲ್ಲಿ ಸರ್ವರ್ ನಿಲ್ಲಿಸಿ 'ಬೂಟ್‌ಸ್ಟ್ರಾಪ್-ಅಡ್ಮಿನ್' ಆಜ್ಞೆ ಕೊಟ್ಟರೆ ಮತ್ತೆ ತಾತ್ಕಾಲಿಕ ಅಡ್ಮಿನ್ ಸಿಗುತ್ತದೆ. ಅಂದರೆ ಆ ಪಿಸಿಯ ರೂಟ್ (ಪೂರ್ತಿ ಅಧಿಕಾರದ ಖಾತೆ) ಯಾರ ಕೈಯಲ್ಲಿದೆಯೋ ಅವರೇ ಎಲ್ಲದರ ಯಜಮಾನ. ಅದನ್ನು ಸ್ವಾಗತದ ಮೇಜಿನ ಕೆಳಗೆ ಇಡಬೇಡಿ.

ಅಪ್‌ಗ್ರೇಡ್ ಮಾಡುವಾಗ ಆವೃತ್ತಿ ನಂಬರ್ ಬದಲಾಯಿಸಿ ಕಂಟೇನರ್ ಎಬ್ಬಿಸಿದರೆ ಡೇಟಾಬೇಸ್ ತಾನಾಗಿ ಹೊಸ ರೂಪಕ್ಕೆ ಬದಲಾಗುತ್ತದೆ. ಹಳೆಯ ಆವೃತ್ತಿಗೆ ಮರಳಬೇಕೆಂದರೆ ಡಂಪ್ ಒಂದೇ ದಾರಿ. ಆದ್ದರಿಂದ ಮೊದಲು ಡಂಪ್, ಆಮೇಲೆ ಅಪ್‌ಗ್ರೇಡ್ ಟಿಪ್ಪಣಿ ಓದು, ಆಮೇಲೆ ಕೈ ಹಾಕು. ಇದನ್ನು ವಾರದ ರಜೆಯ ದಿನ ಮಾಡಿ, ಮರುದಿನ ಮೊದಲ ಪಾಳಿ ಶುರುವಾಗುವ ಮುಂಚೆ ಶಾಪ್ ಫ್ಲೋರ್‌ನ ಪಿಸಿಯಿಂದಲೇ ಒಮ್ಮೆ ಲಾಗಿನ್ ಆಗಿ ನೋಡಿ.